ಕೇದಾರ ಘಾಟಿನಿಂದ ಎಂಟರ ದೋಣಿ

“ಅಮ್ಮಾ, ಎಲ್ಲಿಗೆ ಹೊರಟಿದೀರಿ?”

ಶ್ರೀರಮಾ ಕೇಳಿದ್ದು ಇಷ್ಟೇ. ಅದೂ ನಗುನಗುತ್ತಾ.

ಬಂಗಾಲಿ ಟೋಲಾದ ಗಲ್ಲಿ ಸೋನಾರ್‌ಪುರಾದ ದೊಡ್ಡ ರಸ್ತೆಗೆ ಬಂದು ಕೂಡುವ ಮೂಲೆ. ನವೆಂಬರಿನ ಬೆಳಿಗ್ಗೆ ಏಳೂವರೆ. ಒಂದು ಕಡೆ ಕಚೌರಿ ಅಂಗಡಿಯ ಬಾಣಲೆಯ ಚುಯ್ ಸದ್ದು, ಇನ್ನೊಂದು ಕಡೆ ಪ್ರಯಾಣಿಕರನ್ನು ಕರೆಯುವ ಟೋಟೋ ಚಾಲಕರ ಕೂಗು. ಬ್ಯಾಟರಿ ರಿಕ್ಷಾಕ್ಕೆ ಈ ಊರಿನಲ್ಲಿ ಟೋಟೋ ಎಂದೇ ಹೆಸರು. ರಟ್ಟಿಗೆ ಸಿಕ್ಕಿಸಿದ ಹಾಳೆ ಹಿಡಿದು ಅವುಗಳ ನಡುವೆ ನಿಂತಿದ್ದ ಶ್ರೀರಮಾಗೆ, ಮಗನ ತೋಳು ಹಿಡಿದು ಗಲ್ಲಿಯಿಂದ ಮೆಲ್ಲಗೆ ಬರುತ್ತಿದ್ದ ಹೆಂಗಸು ಕನ್ನಡದಲ್ಲಿ ಏನೋ ಗೊಣಗಿದ್ದು ಕೇಳಿಸಿತ್ತು.

ಕಾಶಿಯಲ್ಲಿ, ಬೆಳಿಗ್ಗೆ ಬೆಳಿಗ್ಗೆ, ಕನ್ನಡ! ಆ ಖುಷಿಯಲ್ಲೇ ಮುಂದೆ ಹೋಗಿ ಕೇಳಿಬಿಟ್ಟಿದ್ದಳು.

ಆಕೆ ನಿಂತಲ್ಲೇ ನಿಂತುಬಿಟ್ಟರು. ಪೊರೆ ಮುಚ್ಚಿದ ಕಣ್ಣುಗಳನ್ನು ಕಿರಿದು ಮಾಡಿ ದನಿ ಬಂದ ಕಡೆ ಒಮ್ಮೆ ನೋಡಿದರು. ಆಮೇಲೆ ಮಗನ ತೋಳಿನಿಂದ ಕೈ ತೆಗೆದು, ಬಂದ ದಾರಿಗೆ ತಿರುಗಿದರು.

“ಮುಗೀತು. ನಡಿ ಸಂಕರ್ಷಣ, ಮನೆಗೆ.”

ಮಗ ಗೋಗರೆದ. ಎರಡು ತಿಂಗಳು ಕಾದು ಸಿಕ್ಕ ದಿನ ಇದು ಎಂದ. ಕಾರು ಬಂದು ನಿಂತಿದೆ ಎಂದ. ಮನೆಗೆ ಹೋಗಿ ಐದು ನಿಮಿಷ ಕೂತು, ಒಂದು ಲೋಟ ನೀರು ಕುಡಿದು ಮತ್ತೆ ಹೊರಡೋಣ ಎಂದ. ತಾಯಿ ಒಪ್ಪಲಿಲ್ಲ. ಬೇರೆ ಕೆಲಸವಾದರೆ ಹಾಗೆ ಮಾಡಬಹುದಿತ್ತು, ಕಣ್ಣಿಗೆ ಕತ್ತಿ ಹಾಕಿಸಿಕೊಳ್ಳಲು ಹೊರಟವಳು ಈ ಮಾತು ಕೇಳಿಸಿಕೊಂಡು ಹೋಗಲಾರೆ ಎಂದು ಗೋಡೆ ಸವರಿಕೊಂಡು ನಡೆದೇಬಿಟ್ಟರು.

ಆಗ ಅವನು ಶ್ರೀರಮಾಳ ಕಡೆ ತಿರುಗಿದ. ಬಿಳಿ ಪಂಚೆ, ಹೆಗಲ ಮೇಲೆ ಶಾಲು, ಹಣೆಯಲ್ಲಿ ಇನ್ನೂ ಒದ್ದೆ ಇದ್ದ ಗಂಧ. ಮೂವತ್ತರ ಆಸುಪಾಸಿನ ಮುಖ ಸಿಟ್ಟಿನಲ್ಲಿ ಕೆಂಪಾಗಿತ್ತು.

“ಕನ್ನಡ ಬರುತ್ತಲ್ಲ ನಿಮಗೆ. ಇಷ್ಟೂ ಗೊತ್ತಿಲ್ವಾ? ಹೊರಟವರನ್ನ ಎಲ್ಲಿಗೆ ಅಂತ ಯಾರಾದ್ರೂ ಕೇಳ್ತಾರಾ?”

“ಅದು... ಸರ್ವೇ. ರಾಮನಗರದ ಹೊಸ ಆಸ್ಪತ್ರೆಗೆ ಹೋಗೋರು ಯಾವುದರಲ್ಲಿ ಹೋಗ್ತಾರೆ ಅಂತ...”

“ನಾವೂ ಅಲ್ಲಿಗೇ ಹೊರಟಿದ್ವಿ. ಅಮ್ಮನ ಕಣ್ಣಿನ ಆಪರೇಷನ್ ಇತ್ತು ಇವತ್ತು. ಬರ್ಕೊಳ್ಳಿ. ಯಾವುದರಲ್ಲಿ ಹೋದರು ಅನ್ನೋ ಕಡೆ, ಹೋಗಲೇ ಇಲ್ಲ ಅಂತ ಬರ್ಕೊಳ್ಳಿ.”

ಅವನು ಹೋದ.

*

ಅಪ್ಪ ಶ್ರೀನಿವಾಸ ಸಂಜೆ ಕೇಳಿ ಹಣೆ ಚಚ್ಚಿಕೊಂಡರು. ರೈಲ್ವೆ ನೌಕರಿಗೆಂದು ಹುಬ್ಬಳ್ಳಿ ಬಿಟ್ಟು ವಾರಾಣಸಿಗೆ ಬಂದು ಇಪ್ಪತ್ತನಾಲ್ಕು ವರ್ಷ. ಬಂದ ವರ್ಷವೇ ಹೆಂಡತಿ ತೀರಿಕೊಂಡಾಗ ಮಗಳಿಗೆ ಮೂರು. ಕ್ವಾರ್ಟರ್ಸಿನಲ್ಲಿ ಹಿಂದಿಯಲ್ಲಿ ಆಡಿ, ಹಿಂದಿಯಲ್ಲಿ ಜಗಳವಾಡಿ ಬೆಳೆದ ಹುಡುಗಿಗೆ ಕನ್ನಡ ಅಂದರೆ ಅಪ್ಪನ ಮಾತು, ಅಷ್ಟೇ. ಮನೆಯಲ್ಲಿ ಹೆಂಗಸರು ಹೇಳಿಕೊಡುವ ಸಣ್ಣ ಸಣ್ಣ ಸಂಗತಿ ಅವಳಿಗೆ ಹೇಳಲು ಯಾರೂ ಇರಲಿಲ್ಲ.

ಹೊಸ್ತಿಲು ದಾಟಿದವರನ್ನು ಎಲ್ಲಿಗೆ ಎಂದು ಕೇಳಿದರೆ ಹೋದ ಕೆಲಸ ಕೆಡುತ್ತದೆ ಎಂಬುದು ನಮ್ಮವರ ನಂಬಿಕೆ, ಇಲ್ಲಿಯವರದೂ ಅದೇ, ನಿನಗೆ ನಾನಾದರೂ ಹೇಳಬೇಕಿತ್ತು ಎಂದು ಅಪ್ಪ ಪೇಚಾಡಿದರು.

ಶ್ರೀರಮಾ ಹಾಳೆಗಳನ್ನು ಹರವಿಕೊಂಡು ಕೂತಳು. ಹನ್ನೊಂದು ದಿನದ ಸರ್ವೇ. ಅದರಲ್ಲಿ ನಲವತ್ತಾರು ಜನರ ಉತ್ತರದ ಜಾಗದಲ್ಲಿ ‘ಉತ್ತರಿಸಲಿಲ್ಲ’ ಎಂದು ಬರೆದಿದ್ದಳು. ಈಗ ಒಬ್ಬೊಬ್ಬರ ಮುಖವೂ ನೆನಪಾಯಿತು... ಮುಖ ಸಿಂಡರಿಸಿ, ‘ಟೋಕ್ ದಿಯಾ’, ಹೊರಟವರನ್ನು ತಡೆದು ಕೇಳಿಬಿಟ್ಟಳು, ಎಂದು ಗೊಣಗಿ ತಿರುಗಿಹೋದವರು. ಅಯ್ಯೋ ದೇವರೇ, ಆಸ್ಪತ್ರೆಗೆ ಜನರನ್ನು ಕರೆತರುವ ಕೆಲಸಕ್ಕೆ ನಿಂತು, ನಲವತ್ತಾರು ಜನರನ್ನು ಮನೆಗೆ ಕಳಿಸಿದ್ದೀನಾ!

ಆ ಕೆಲಸದ ಬಗ್ಗೆ ಇಲ್ಲಿ ಸ್ವಲ್ಪ ಹೇಳಬೇಕು.

ಗಂಗೆಯ ಆಚೆ ದಡದ ರಾಮನಗರದಲ್ಲಿ, ಪೇಟೆಯ ಹಿಂದಿನ ಇಕ್ಕಟ್ಟಾದ ರಸ್ತೆಯಲ್ಲಿ, ಆ ಆಸ್ಪತ್ರೆ ಎದ್ದು ನಿಂತು ಇನ್ನೂ ಐದು ತಿಂಗಳು. ಅದನ್ನು ಕಟ್ಟಿದ್ದು ಜನ. ನಿವೃತ್ತ ಶಾಲಾ ಮುಖ್ಯೋಪಾಧ್ಯಾಯಿನಿ ತಾರಾದೇವಿ ಮೂರು ವರ್ಷ ಮನೆಮನೆ ತಿರುಗಿದ್ದರು. ನೇಕಾರರು ಕಿಟಕಿ ಕೊಟ್ಟರು, ಹಾಲಿನವರು ಬಾಗಿಲು ಕೊಟ್ಟರು, ಏನೂ ಇಲ್ಲದವರು ಇಟ್ಟಿಗೆ ಹೊತ್ತರು. “ನಮ್ಮದು” ಎಂದು ರಿಕ್ಷಾದವನೂ ಎದೆ ತಟ್ಟಿ ಹೇಳುವ ಆಸ್ಪತ್ರೆ.

ಪಕ್ಕದಲ್ಲೇ ಬೇವಿನ ಮರಗಳ ಅಂಗಳ. ಹಳ್ಳಿಗಳಿಂದ ಬಂದ ರೋಗಿಗಳ ಮನೆಯವರು ಅಲ್ಲಿ ಒಲೆ ಹೂಡಿ ರೊಟ್ಟಿ ಸುಡುತ್ತಿದ್ದರು, ನಲ್ಲಿಯಲ್ಲಿ ಬಟ್ಟೆ ಒಗೆಯುತ್ತಿದ್ದರು, ಒಬ್ಬರಿಗೊಬ್ಬರು ಧೈರ್ಯ ಹೇಳುತ್ತಿದ್ದರು. ಆದರೆ ಶುರುವಾದ ತಿಂಗಳಲ್ಲೇ ಬೈಕು, ಕಾರುಗಳು ಆ ಸಣ್ಣ ರಸ್ತೆಯನ್ನು ತುಂಬಿಬಿಟ್ಟವು. ಒಂದು ದಿನ ಹೆರಿಗೆ ನೋವಿನ ಹೆಂಗಸಿದ್ದ ಆಂಬುಲೆನ್ಸ್ ಎರಡು ದೊಡ್ಡ ಕಾರುಗಳ ಮಧ್ಯೆ ಇಪ್ಪತ್ತು ನಿಮಿಷ ನಿಂತಿತು. ತಾಯಿ ಮಗು ಉಳಿದರು, ಪುಣ್ಯ. ಮರುದಿನವೇ ಆಸ್ಪತ್ರೆಯ ಸಮಿತಿಯ ಕೆಲವರು ಅಂಗಳವನ್ನು ಸಿಮೆಂಟು ಮಾಡಿ ಪಾರ್ಕಿಂಗ್ ಮಾಡಿಬಿಡೋಣ ಎಂದರು.

ತಾರಾದೇವಿ ಡಿಸೆಂಬರ್ ಕೊನೆಯವರೆಗೆ ಸಮಯ ಕೇಳಿದರು. ಆ ತಿಂಗಳ ಕೊನೆಯ ವಾರದಲ್ಲಿ ಬರುವ ನೂರು ಜನರಲ್ಲಿ ಅರವತ್ತು ಜನ ನಡೆದೋ, ಸೈಕಲ್ಲಿನಲ್ಲೋ, ಬಸ್ಸು, ದೋಣಿ, ಹಂಚಿಕೊಂಡ ಟೋಟೋದಲ್ಲೋ ಬಂದರೆ ಅಂಗಳ ಉಳಿಯುತ್ತದೆ. ಇಲ್ಲದಿದ್ದರೆ ಬೇವಿನ ಮರಗಳಿಗೆ ಕೊಡಲಿ ಏಟು. ಆ ಕೆಲಸಕ್ಕೆಂದೇ ಶ್ರೀರಮಾಳನ್ನು ತೆಗೆದುಕೊಂಡಿದ್ದರು.

ಮರುದಿನ ಅವಳು ಬಂಗಾಲಿ ಟೋಲಾದ ಆ ಮನೆ ಹುಡುಕಿಕೊಂಡು ಹೋದಳು. ಕರ್ನಾಟಕದಿಂದ ಬರುವ ಯಾತ್ರಿಕರಿಗೆ ಶ್ರಾದ್ಧ, ತರ್ಪಣ ಮಾಡಿಸುವ ಪುರೋಹಿತರ ಮನೆ ಎಂದರೆ ಯಾರಾದರೂ ತೋರಿಸುತ್ತಿದ್ದರು. ಅಪ್ಪ ತೀರಿಕೊಂಡಾಗ ಹತ್ತೊಂಬತ್ತಕ್ಕೇ ದರ್ಭೆ ಹಿಡಿದವನು ಸಂಕರ್ಷಣ. ಅವನು ಘಾಟಿಗೆ ಹೋಗಿದ್ದ. ಒಳಗೆ ಇದ್ದದ್ದು ತಾಯಿ ರತ್ನಪ್ರಭಾ.

ಶ್ರೀರಮಾ ತಪ್ಪೊಪ್ಪಿಕೊಳ್ಳುವಾಗ ಹಿಂದಿ, ಕನ್ನಡ, ಕಣ್ಣೀರು ಮೂರೂ ಕಲಸಿಹೋದವು. ಆಕೆ ತಾಳ್ಮೆಯಿಂದ ಕೇಳಿ, ನಿಮ್ಮಮ್ಮ ಏನೂ ಹೇಳಿಕೊಟ್ಟಿಲ್ಲವೇ ಎಂದು ವಿಚಾರಿಸಿದರು. ತನಗೆ ಮೂರಾಗಿದ್ದಾಗಲೇ ಅಮ್ಮ ತೀರಿಕೊಂಡಳು ಎಂದಳು ಶ್ರೀರಮಾ.

“ಹೇಳಿಕೊಡೋರೇ ಇಲ್ಲದವಳ ಮೇಲೆ ಕೋಪ ಮಾಡ್ಕೊಂಡು ನಾನೇನು ಮಾಡ್ಲಿ? ಕೂತ್ಕೋ ಮಗಳೇ, ಕಾಫಿ ಕುಡಿ. ದೂರ ಕೂತ್ಕೋ ಮತ್ತೆ, ಮಡೀಲಿದೀನಿ.”

ಮಗಳೇ... ಆ ಮಾತು ಕಾಫಿಗಿಂತ ಬಿಸಿಯಾಗಿ ಒಳಗೆ ಇಳಿಯಿತು.

ಕಣ್ಣಿನ ಡಾಕ್ಟರು ತಿಂಗಳಿಗೆ ಎರಡೇ ದಿನ ಬರುತ್ತಿದ್ದರು. ಓಡಾಡಿ ಓಡಾಡಿ ಶ್ರೀರಮಾ ಮತ್ತೊಂದು ದಿನ ಗೊತ್ತು ಮಾಡಿಸಿದಳು. ಡಿಸೆಂಬರ್ ಮೂವತ್ತೊಂದು.

*

ಅವಳು ಮನೆಗೆ ಬಂದುಹೋದ ಮೂರನೇ ದಿನ ಸಂಕರ್ಷಣನೇ ಸೋನಾರ್‌ಪುರಾದ ಮೂಲೆಗೆ ಬಂದ. ಸಿಟ್ಟು ಇಳಿದಿತ್ತು, ಬಿಗುಮಾನ ಇಳಿದಿರಲಿಲ್ಲ.

ಹೊರಡುವವರನ್ನು ತಡೆಯಬೇಡಿ, ಬಂದು ಮುಟ್ಟಿದವರನ್ನು ಕೇಳಿ ಎಂದ. ‘ಹೇಗೆ ಬಂದಿರಿ, ದಾರಿ ಸುಖವಾಗಿತ್ತಾ’ ಎಂದು ಆಸ್ಪತ್ರೆಯ ಬಾಗಿಲಲ್ಲಿ ಕೇಳಿದರೆ ಜನ ತಮ್ಮ ಕಥೆಯನ್ನೆಲ್ಲ ಹೇಳುತ್ತಾರೆ ಎಂದ. ಅವಳು ಹಾಗೇ ಮಾಡಿದಳು. ನಿಜಕ್ಕೂ ಹೇಳಿದರು!

ಒಬ್ಬ ಅಜ್ಜಿ, ಮೊಮ್ಮಗನ ಬೈಕಿನ ಹಿಂದೆ ಕೂತು ಸೊಂಟ ಹೋಯಿತು, ನನಗೇನು ಬೈಕಿನ ಶೋಕಿಯೇ, ಬೇಗ ಚೀಟಿ ಸಿಗಲಿ ಅಂತ ಬಂದೆ ಎಂದಳು. ಇನ್ನೊಬ್ಬರೂ ಅದನ್ನೇ ಹೇಳಿದರು. ಮತ್ತೊಬ್ಬರೂ ಅದನ್ನೇ. ಎಲ್ಲರ ಭಯವೂ ಒಂದೇ: ಹಂಚಿಕೊಂಡ ಟೋಟೋಗೆ ಕಾದು ತಡವಾದರೆ, ಡಾಕ್ಟರ ಚೀಟಿಯ ಸಾಲಿನಲ್ಲಿ ಕೊನೆಯವರಾಗಿಬಿಡುತ್ತೇವೆ.

ಇದನ್ನು ಕೇಳಿ ಸಂಕರ್ಷಣ ನಕ್ಕ. ಮೊದಲ ಸಲ. ಅವನ ನಗು ಎಡಗಡೆಗೆ ವಾಲುತ್ತದೆ ಎಂದು ಶ್ರೀರಮಾ ಆಗ ಗಮನಿಸಿದಳು. ಗಮನಿಸಬಾರದಿತ್ತು... ಆದರೂ ಗಮನಿಸಿದಳು.

“ನಮ್ಮ ಯಾತ್ರಿಕರು ಗಂಗೆಗೆ ಇಳಿಯೋ ಮೊದಲೇ ನಾವು ಹೆಸರು, ಗೋತ್ರ, ಊರು ಎಲ್ಲಾ ಬರ್ಕೊಂಡಿರ್ತೀವಿ. ದೋಣೀಲೇ. ಇಳಿದ ಮೇಲೆ ಕೆಲಸ ಮಾತ್ರ. ನಿಮ್ಮ ಚೀಟಿಗೆ ಆಸ್ಪತ್ರೆ ಕಿಟಕೀನೇ ಯಾಕೆ ಬೇಕು?”

ಶ್ರೀರಮಾ ಅವನನ್ನೇ ನೋಡಿದಳು. ಇಷ್ಟು ಸುಲಭವಾ!

ದೋಣಿಯವನು ಸಂದೀಪ ಸಹಾನಿ, ಸಂಕರ್ಷಣನ ಯಾತ್ರಿಕರನ್ನು ಎಂಟು ವರ್ಷದಿಂದ ಕರೆದೊಯ್ಯುವವನು. ಹಳೆಯ ಡೀಸೆಲ್ ಎಂಜಿನ್ ತೆಗೆಸಿ ಗ್ಯಾಸಿನ ಎಂಜಿನ್ ಹಾಕಿಸಿದ್ದ. “ಕಾ ಗುರು, ಸತ್ತವರ ಕೆಲಸ ಮಾಡಿಸೋನು ಬದುಕಿರೋರ ಕೆಲಸಕ್ಕೂ ಇಳಿದೆಯಾ?” ಎಂದು ಬನಾರಸಿನ ವರಸೆಯಲ್ಲಿ ಸಂಕರ್ಷಣನನ್ನು ಕಿಚಾಯಿಸಿದ. ಆದರೆ ತನ್ನ ಹೆಂಡತಿಯ ಹೆರಿಗೆಯೂ ಆ ಆಸ್ಪತ್ರೆಯಲ್ಲೇ ಆಗಬೇಕಿದೆ ಎಂದು ಹೇಳಿ, ದಿನಾ ಬೆಳಿಗ್ಗೆ ಎಂಟಕ್ಕೆ ದೋಣಿ ಬಿಡಲು ಒಪ್ಪಿದ.

ಹೀಗೆ ಶುರುವಾಯಿತು ಎಂಟರ ದೋಣಿ. ಕೇದಾರ ಘಾಟಿನಿಂದ ಹೊರಟು, ಹರಿವಿನ ಎದುರು ಸಾಗಿ, ಮುಕ್ಕಾಲು ಗಂಟೆಯಲ್ಲಿ ರಾಮನಗರದ ದಡ. ದಾರಿಯುದ್ದಕ್ಕೂ ಶ್ರೀರಮಾ ಹೆಸರು, ವಯಸ್ಸು, ಏನು ತೊಂದರೆ ಎಂದು ಬರೆದು ಚೀಟಿ ಕೊಡುತ್ತಿದ್ದಳು. ಇಳಿದವರು ಸಾಲಿನಲ್ಲಿ ನಿಲ್ಲದೆ ನೇರ ಡಾಕ್ಟರ ಬಾಗಿಲಿಗೆ. ಸೋನಾರ್‌ಪುರಾದಿಂದ ಹೊರಡುವ ಹಂಚಿಕೆಯ ಟೋಟೋದವರಿಗೂ ಅದೇ ಚೀಟಿ, ಚಾಲಕರ ಕೈಯಲ್ಲೇ.

ಮೊದಲ ದಿನ ದೋಣಿಯಲ್ಲಿ ಐದು ಜನ. ಎರಡನೇ ವಾರ ಹದಿನೆಂಟು. ಡಿಸೆಂಬರ್ ಬರುವಷ್ಟರಲ್ಲಿ ಸಂದೀಪ ಎರಡನೇ ದೋಣಿ ತರಿಸಿದ.

ಸಂಕರ್ಷಣನಿಗೆ ಘಾಟಿನ ಕೆಲಸ ಹತ್ತಕ್ಕೆ. ಅವನು ಎಂಟರ ದೋಣಿಯಲ್ಲಿ ದಿನಾ ಬರಬೇಕಾಗಿರಲಿಲ್ಲ. ಆದರೂ ಬರುತ್ತಿದ್ದ. ಮುದುಕರ ಕೈ ಹಿಡಿದು ಹತ್ತಿಸುತ್ತಿದ್ದ, ನೀರು ನೋಡಿ ಹೆದರುವ ಮಕ್ಕಳಿಗೆ ಕಥೆ ಹೇಳುತ್ತಿದ್ದ. ಶ್ರೀರಮಾ ಕನ್ನಡದಲ್ಲಿ ತಡವರಿಸಿದರೆ ಹಾಳೆಯ ಅಂಚಿನಲ್ಲಿ ಬರೆದು ತೋರಿಸಿ ತಿದ್ದುತ್ತಿದ್ದ. ಅವಳು ಅವನ ಹಿಂದಿಯನ್ನು ಅಣಕಿಸುತ್ತಿದ್ದಳು.

ಒಂದು ಬೆಳಿಗ್ಗೆ ಅಕ್ಕಪಕ್ಕ ಕೂತಿದ್ದಾಗ, ಅವಳ ಶಾಲು ಗಾಳಿಗೆ ಹಾರಿ ಅವನ ಮೊಣಕೈಗೆ ಸುತ್ತಿಕೊಂಡಿತು. ಇಬ್ಬರೂ ಬಿಡಿಸಲಿಲ್ಲ. ಯಾರೋ ತಾತ ತನ್ನ ಮಂಡಿನೋವಿನ ಕಥೆ ಹೇಳುತ್ತಲೇ ಇದ್ದ.

ಇವನಿಗೂ ಹೀಗೇ ಅನ್ನಿಸುತ್ತಿದೆಯಾ? ಅಥವಾ ನನಗೊಬ್ಬಳಿಗೇನಾ... ಅವಳು ಕೇಳಲಿಲ್ಲ. ತಾತನ ವಯಸ್ಸಿನ ಜಾಗದಲ್ಲಿ ಇಪ್ಪತ್ತೇಳು ಎಂದು ತನ್ನ ವಯಸ್ಸು ಬರೆದಿದ್ದಳು, ಪಾಪ.

*

ಡಿಸೆಂಬರ್ ಇಪ್ಪತ್ತೆರಡರಂದು ತಾರಾದೇವಿ ಅವಳನ್ನು ಕೋಣೆಗೆ ಕರೆದರು. ಮೇಜಿನ ಮೇಲೆ ಒಂದು ಅರ್ಜಿ ಇತ್ತು. ಬಂಗಾಲಿ ಟೋಲಾದ ನಿವಾಸಿಗಳು, ಯಾತ್ರಿಕರ ವಸತಿಯವರು ಸೇರಿ ಬರೆದದ್ದು. ವಯಸ್ಸಾದವರನ್ನು ಕಾರಿನಲ್ಲೇ ಕರೆತರಬೇಕಾಗುತ್ತದೆ, ಆದ್ದರಿಂದ ಅಂಗಳದಲ್ಲಿ ಕೂಡಲೇ ಪಾರ್ಕಿಂಗ್ ಮಾಡಬೇಕು ಎಂದು. ಪಾರ್ಕಿಂಗ್ ಬೇಕೆನ್ನುವ ಸದಸ್ಯರು ಇದನ್ನೇ ಕೊನೆಯ ಸಭೆಯಲ್ಲಿ ಎತ್ತಲಿದ್ದಾರೆ, ನಿನಗೆ ತಿಳಿದಿರಲಿ ಎಂದರು ತಾರಾದೇವಿ.

ಮೂವತ್ತೊಂದು ಸಹಿ. ಮೊದಲನೆಯದು, ದುಂಡಗೆ, ಕನ್ನಡದಲ್ಲಿ...

ಸಂಕರ್ಷಣ.

ಆ ಅಕ್ಷರ ಅವಳಿಗೆ ಚೆನ್ನಾಗಿ ಗೊತ್ತಿತ್ತು. ದೋಣಿಯಲ್ಲಿ ಅವಳ ಕನ್ನಡ ತಿದ್ದಿದ ಅಕ್ಷರ ಅದೇ.

ಅವಳು ಸಂಜೆ ಕೇದಾರ ಘಾಟಿಗೆ ಹೋದಾಗ ಅವನು ಯಾತ್ರಿಕರನ್ನು ಬೀಳ್ಕೊಟ್ಟು ದರ್ಭೆ, ತಾಮ್ರದ ಪಾತ್ರೆಗಳನ್ನು ಚೀಲಕ್ಕೆ ಹಾಕುತ್ತಿದ್ದ. ಅವಳ ಮುಖ ನೋಡಿಯೇ ಎದ್ದು ನಿಂತ.

“ಆ ಅರ್ಜಿಯಲ್ಲಿ ಇರೋ ಸಹಿ ನಿಮ್ಮದಾ?”

ಬೇರೆ ಯಾರಾದರೂ ಸುಳ್ಳು ಹೇಳುತ್ತಿದ್ದರೇನೋ. ಅವನು ಹೇಳಲಿಲ್ಲ.

“ನಂದೇ. ಅಮ್ಮ ವಾಪಸ್ ಬಂದ ದಿನ ಸಾಯಂಕಾಲ ಹಾಕಿದ್ದು. ಕೋಪದಲ್ಲಿ. ಛತ್ರದ ದಾನಯ್ಯನವರು ಕಾಗದ ತಂದಿದ್ರು, ಓದಿ ಎಲ್ಲರಿಗಿಂತ ಮೊದಲು ಹಾಕ್ದೆ.”

“ಕೋಪ ಇತ್ತು, ಸರಿ. ತಪ್ಪು ನಂದೇ ಆಗಿತ್ತು. ಆಮೇಲೆ ನಲವತ್ತು ದಿನ ನನ್ನ ಪಕ್ಕ ಕೂತ್ರಲ್ಲ ಸಂಕರ್ಷಣ... ಅಂಗಳದ ರೊಟ್ಟಿ ತಿಂದ್ರಿ. ಒಂದು ದಿನಾನೂ ಬಾಯಿ ಬರಲಿಲ್ವಾ?”

“ಪ್ರತಿ ದಿನ ಬರ್ತಿತ್ತು. ನೀವು ಆ ಚೀಟಿ ಬರೆಯೋದು ನೋಡಿದ್ರೆ... ಹೇಳಿದ ಮರುದಿನ ಈ ದೋಣಿಯಲ್ಲಿ ನನಗೆ ಜಾಗ ಇರಲ್ಲ ಅನ್ನಿಸ್ತಿತ್ತು.”

“ಹೇಳಿದ್ರೆ ಇರ್ತಿತ್ತು,” ಎಂದಳು ಶ್ರೀರಮಾ. “ಈಗ ಇಲ್ಲ.”

ಮೆಟ್ಟಿಲು ಹತ್ತುವಾಗ ತಿರುಗಿ ನೋಡಬಾರದು ಎಂದು ಹಲ್ಲು ಕಚ್ಚಿ ಹತ್ತಿದಳು. ಗಲ್ಲಿಯ ತಿರುವಿನಲ್ಲಿ ಗೋಡೆಗೆ ಒರಗಿ ಅತ್ತಳು. ಎದುರು ಬಂದ ಹಸುವೊಂದು ದಾರಿ ಬಿಡು ಎಂಬಂತೆ ಅವಳನ್ನು ದೂಡಿಕೊಂಡು ಹೋಯಿತು. ಈ ಊರಿನಲ್ಲಿ ನೆಟ್ಟಗೆ ಅಳಲೂ ಜಾಗವಿಲ್ಲ...

ಮರುದಿನದಿಂದ ಎಂಟರ ದೋಣಿಯಲ್ಲಿ ಅವನಿರಲಿಲ್ಲ.

*

ಎಣಿಕೆಯ ಕೊನೆಯ ವಾರ. ಆಸ್ಪತ್ರೆಯ ಬಾಗಿಲಲ್ಲಿ ಎರಡು ಕಡೆಯವರೂ ಒಪ್ಪಿದ ಇಬ್ಬರು ನರ್ಸುಗಳು ಎಣಿಸುತ್ತಿದ್ದರು. ಆರು ದಿನ ಮುಗಿದಾಗ ಲೆಕ್ಕ ನೂರಕ್ಕೆ ಐವತ್ತೆಂಟು. ಒಂದೇ ದಿನ ಬಾಕಿ.

ಮೂವತ್ತೊಂದರ ಬೆಳಿಗ್ಗೆ ಶ್ರೀರಮಾ ಕಣ್ಣು ಬಿಟ್ಟಾಗ ಕಿಟಕಿಯ ಆಚೆ ಏನೂ ಇರಲಿಲ್ಲ. ಮಂಜು. ಪಕ್ಕದ ಕ್ವಾರ್ಟರ್ಸಿನ ದೀಪ ಕೂಡ ಕಾಣದಂಥ ಮಂಜು.

ಸಂದೀಪ ಫೋನು ಮಾಡಿ, ಪೊಲೀಸರು ದೋಣಿ ನಿಲ್ಲಿಸಿದ್ದಾರೆ, ಹತ್ತರವರೆಗೆ ಒಂದೂ ಬಿಡುವುದಿಲ್ಲವಂತೆ ಎಂದ. ಅವನ ದನಿಯೂ ಕುಗ್ಗಿತ್ತು.

ಎರಡು ದೋಣಿಯ ಅರವತ್ತು ಜನ. ಅವರೆಲ್ಲ ಈಗ ಬೈಕು, ಕಾರು ಹಿಡಿಯುತ್ತಾರೆ, ಇಲ್ಲವೇ ಮನೆಯಲ್ಲೇ ಉಳಿಯುತ್ತಾರೆ. ಮುಗಿಯಿತು... ಶ್ರೀರಮಾ ಸೇತುವೆ ದಾಟುವ ಬಸ್ಸಿನಲ್ಲಿ ಆಸ್ಪತ್ರೆ ತಲುಪಿ ಬಾಗಿಲ ಬಳಿ ನಿಂತಳು. ಅಂಗಳದಲ್ಲಿ ಒಲೆಗಳು ಮಂಜಿನಲ್ಲಿ ಮಸುಕಾಗಿ ಉರಿಯುತ್ತಿದ್ದವು. ಆಚೆ ಹಳ್ಳಿಯಿಂದ ಮಗನನ್ನು ಸೇರಿಸಲು ಬಂದಿದ್ದ ಪ್ರೇಮಾ ಎಂಬಾಕೆ ಅವಳ ಕೈಗೆ ಬಿಸಿ ಚಹಾ ಇಟ್ಟು, ಮುಂದಿನ ತಿಂಗಳೂ ಇಲ್ಲಿ ಒಲೆ ಹೂಡಬಹುದಾ ದೀದಿ ಎಂದು ಕೇಳಿದಳು. ಶ್ರೀರಮಾ ಚಹಾ ಹಿಡಿದು ಮಂಜಿನ ರಸ್ತೆಯ ಕಡೆ ತಿರುಗಿದಳು.

ಎಂಟು ಗಂಟೆ. ಮೂರು ಬೈಕು. ಎಂಟೂಕಾಲು. ಒಂದು ಕಾರು, ಎರಡು ಬೈಕು. ನರ್ಸು ಕಾರು-ಬೈಕಿನ ಕಡೆಯೇ ಗೀಟು ಹಾಕುತ್ತಾ ಹೋದಳು.

ಎಂಟೂವರೆಗೆ ಮಂಜಿನೊಳಗಿಂದ ಒಂದು ಪುಟ್ಟ ದೀಪ ಬಂತು. ಅದರ ಹಿಂದೆ ಇನ್ನೊಂದು. ಮತ್ತೊಂದು...

ಟೋಟೋಗಳು! ಒಂದರ ಹಿಂದೆ ಒಂದು, ಮೆರವಣಿಗೆಯ ಹಾಗೆ. ಒಂದೊಂದರಲ್ಲೂ ಹಿಂದೆ ನಾಲ್ವರು, ಮುಂದೆ ಚಾಲಕನ ಪಕ್ಕ ಒಬ್ಬರು.

ಮೊದಲ ಟೋಟೋದ ಹಿಂಬದಿಯಲ್ಲಿ, ದೋಣಿಯವನ ತುಂಬು ಬಸುರಿ ಹೆಂಡತಿ ಮತ್ತು ಮೀನು ಮಾರುವ ಮುದುಕಿಯ ನಡುವೆ, ಭುಜಕ್ಕೆ ಭುಜ ಒತ್ತಿಕೊಂಡು ಕೂತಿದ್ದವರು ರತ್ನಪ್ರಭಾ. ಕೂದಲಲ್ಲಿ ಇನ್ನೂ ಸ್ನಾನದ ನೀರಿತ್ತು. ಹನ್ನೆರಡು ವರ್ಷದಿಂದ ಸ್ನಾನವಾದ ಮೇಲೆ ಮಗನನ್ನು ಬಿಟ್ಟು ಯಾರಿಗೂ ಮುಟ್ಟಗೊಡದವರು! ಎದುರು ಸೀಟಿನಲ್ಲಿ ಛತ್ರದ ದಾನಯ್ಯ ಮಫ್ಲರ್ ಸುತ್ತಿಕೊಂಡು, ಮುಖ ಗಂಟು ಹಾಕಿಕೊಂಡು ಕೂತಿದ್ದರು. ಹಿಂದಿನ ಟೋಟೋಗಳಲ್ಲಿ ಪುರೋಹಿತರ ಮನೆಯವರು, ಲಾಡ್ಜಿನವರು, ದಿನದ ದೋಣಿಯ ತಾತ ಅಜ್ಜಿಯರು.

ಶ್ರೀರಮಾ ಓಡಿಹೋಗಿ ರತ್ನಪ್ರಭಾ ಅವರನ್ನು ಇಳಿಸಲು ಕೈ ಚಾಚಿದವಳು, ಮುಟ್ಟಬಹುದೋ ಬಾರದೋ ಎಂದು ಅರ್ಧದಲ್ಲಿ ತಡೆದಳು.

“ಹಿಡ್ಕೋ ಮಗಳೇ, ಸಂಕೋಚ ಬೇಡ,” ಎಂದರು ಆಕೆ. “ನನ್ನ ಮಗ ಕಾರು ಹೇಳ್ತೀನಿ ಅಂದ. ನಾನೇ ಬೇಡ ಅಂದೆ. ಇಷ್ಟು ಜನ ಸೇರಿ ಕಟ್ಟಿದ ಆಸ್ಪತ್ರೆಗೆ ಒಬ್ಬಳೇ ಕಾರಲ್ಲಿ ಹೋಗಿ ಇಳಿಯೋದು ಏನು ಚೆಂದ? ಮಡಿ ನಾಳೆನೂ ಉಟ್ಕೋಬಹುದು.”

ಆಪರೇಷನ್ ಆದ ಮೇಲೆ ತಲೆಗೆ ನೀರು ಹಾಕಬಾರದೆಂದು ಡಾಕ್ಟರು ಹದಿನೈದು ದಿನ ತಡೆಯುತ್ತಾರಲ್ಲ ಎಂದು ದಾನಯ್ಯ ಕೊಂಕು ನುಡಿದರು. ಹಾಗಾದರೆ ಹದಿನೈದು ದಿನ ನಿಮ್ಮ ಕಾಟವಿಲ್ಲದೆ ಎಲ್ಲರನ್ನೂ ಮುಟ್ಟುತ್ತೇನೆ ಎಂದು ರತ್ನಪ್ರಭಾ ತಿರುಗೇಟು ಕೊಟ್ಟರು. ಮೀನಿನ ಮುದುಕಿಗೆ ಭಾಷೆ ತಿಳಿಯದಿದ್ದರೂ ಎಲ್ಲರಿಗಿಂತ ಜೋರಾಗಿ ನಕ್ಕಳು.

ದಾನಯ್ಯನವರೇ ಶ್ರೀರಮಾಳ ಬಳಿ ಬಂದು ಗಂಟಲು ಸರಿಮಾಡಿಕೊಂಡರು. ಸಂಕರ್ಷಣ ವಾರದಿಂದ ಸಹಿ ಹಾಕಿದ ಮೂವತ್ತು ಮನೆಗೂ ತಿರುಗಿದನಂತೆ. ಸಹಿ ಹೊಡೆದುಹಾಕಿ ಎಂದು ಯಾರನ್ನೂ ಕೇಳಲಿಲ್ಲವಂತೆ. ಒಂದು ಸಲ ಕಾರಿಲ್ಲದೆ ಹೋಗಿ ಬನ್ನಿ, ಆ ಅಂಗಳ ನೋಡಿ, ಆಮೇಲೂ ಬೇಕು ಅನ್ನಿಸಿದರೆ ಸಹಿ ಇರಲಿ ಎಂದನಂತೆ. ಇಂದು ಬೆಳಿಗ್ಗೆ ಐದಕ್ಕೇ ಸೋನಾರ್‌ಪುರಾದ ಮೂಲೆಯಲ್ಲಿ ನಿಂತು, ಟೋಟೋದವರ ಮನೆ ಬಾಗಿಲು ತಟ್ಟಿ ಎಬ್ಬಿಸಿ, ನಿಂತುಹೋದ ದೋಣಿಯ ಜನರನ್ನು ಐದೈದಾಗಿ ಕೂರಿಸಿ ಕಳಿಸಿದನಂತೆ.

“ಈಗ ಎಲ್ಲಿ ಅವರು?” ಶ್ರೀರಮಾ ಟೋಟೋಗಳ ಸಾಲಿನ ಕೊನೆಯವರೆಗೂ ಕಣ್ಣಾಡಿಸಿದಳು.

“ಕೊನೇ ಟೋಟೋದಲ್ಲೂ ಜಾಗ ಇರಲಿಲ್ಲ. ನಡ್ಕೊಂಡು ಬರ್ತಿದಾನೆ.”

*

ಸಂಜೆ ನಾಲ್ಕಕ್ಕೆ ತಾರಾದೇವಿ ಅಂಗಳದಲ್ಲೇ ಸಭೆ ಕರೆದರು. ಮಂಜು ಕರಗಿ ಬೇವಿನ ಎಲೆಗಳ ಮೇಲೆ ಬಿಸಿಲು ಬಿದ್ದಿತ್ತು. ದಾನಯ್ಯ ಎದ್ದು, ಪ್ರೇಮಾಳ ಒಲೆಯ ರೊಟ್ಟಿ ತಿಂದ ಬಾಯಿಂದ ಅವಳ ಒಲೆ ತೆಗೆಸಿ ಎನ್ನಲಾರೆ ಎಂದು ಅರ್ಜಿ ಹಿಂದಕ್ಕೆ ಕೇಳಿದರು. ಮೂರು ಮನೆಯವರು ಒಪ್ಪಲಿಲ್ಲ, ತಮ್ಮ ಸಹಿ ಇರಲಿ ಎಂದರು. ಇರಲಿ, ಅದೂ ನಮ್ಮವರದೇ ಮಾತು ಎಂದು ತಾರಾದೇವಿ ಆ ಮೂರನ್ನು ಬರೆಸಿಕೊಂಡರು.

ಆಮೇಲೆ ನರ್ಸು ಲೆಕ್ಕ ಓದಿದಳು. ವಾರದ ಲೆಕ್ಕ ಕೂಡಿದರೆ ನೂರಕ್ಕೆ ಅರವತ್ತೊಂದು.

ತಾರಾದೇವಿ ಕನ್ನಡಕ ತೆಗೆದು ಒರೆಸಿಕೊಂಡರು.

“ಮೂರು ವರ್ಷ ನಾನು ಮನೆಮನೆ ತಿರುಗಿ ಗೋಡೆ ಎಬ್ಬಿಸಿದೆ,” ಎಂದರು. “ಅದರೊಳಗೆ ಬರುವ ದಾರಿಯನ್ನು ಈ ಹುಡುಗಿ ಕಟ್ಟಿದಳು. ಶ್ರೀರಮಾ, ಎದ್ದು ನಿಲ್ಲು. ಎಲ್ಲರೂ ನಿನ್ನನ್ನು ನೋಡಲಿ.”

ಅವಳು ಎದ್ದು ನಿಂತಳು. ರೊಟ್ಟಿ ತಟ್ಟುತ್ತಿದ್ದ ಹಿಟ್ಟಿನ ಕೈಗಳು, ನೇಕಾರರ ಕೈಗಳು, ಟೋಟೋದವರ ಕೈಗಳು ಒಟ್ಟಿಗೆ ಚಪ್ಪಾಳೆ ತಟ್ಟಿದವು. ಎದೆ ತುಂಬಿ ಬಂತು. ನನ್ನ ಊರು ಇದು... ನನ್ನ ಜನ ಇವರು... ಇಪ್ಪತ್ತನಾಲ್ಕು ವರ್ಷದಲ್ಲಿ ಮೊದಲ ಸಲ ಅವಳಿಗೆ ತಾನು ಎಲ್ಲಿಂದಲೋ ಬಂದವಳು ಅನ್ನಿಸಲಿಲ್ಲ.

ಗುಂಪಿನ ಕೊನೆಯಲ್ಲಿ, ಧೂಳು ತುಂಬಿದ ಕಾಲುಗಳಲ್ಲಿ ಸಂಕರ್ಷಣ ನಿಂತಿದ್ದ. ಚಪ್ಪಾಳೆ ತಟ್ಟುತ್ತಿರಲಿಲ್ಲ. ಸುಮ್ಮನೆ ಅವಳನ್ನು ನೋಡುತ್ತಿದ್ದ, ತನ್ನದೇ ಏನೋ ಗೆದ್ದವನ ಹಾಗೆ.

ಜನ ಚದುರಿದ ಮೇಲೆ ಅವಳೇ ಅವನ ಬಳಿ ಹೋದಳು.

“ಕಾಲು ನೋಯ್ತಿದೆಯಾ?”

“ಬೆಳಿಗ್ಗೆ ನೋಯ್ತಿತ್ತು. ನೀವು ಎದ್ದು ನಿಂತಾಗ ಮರೆತೇಹೋಯ್ತು.” ಸ್ವಲ್ಪ ತಡೆದು ಹೇಳಿದ. “ಶ್ರೀರಮಾ, ಆ ಸಹಿ ನಂದೇ. ಅದನ್ನ ಅಳಿಸಿ ಅಂತ ಕೇಳೋಕೆ ಬಂದಿಲ್ಲ. ಮುಚ್ಚಿಟ್ಟಿದ್ದು ತಪ್ಪು. ಇನ್ನು ಏನೂ ಮುಚ್ಚಿಡಲ್ಲ ಅಂತ ಹೇಳೋಕೆ ಬಂದೆ. ಮುಚ್ಚಿಟ್ಟಿರೋದು ಇನ್ನೊಂದಿದೆ...”

“ಏನು?”

“ಎಂಟಕ್ಕೆ ದೋಣೀಲಿ ನನಗೇನೂ ಕೆಲಸ ಇರಲಿಲ್ಲ. ಒಂದು ದಿನಾನೂ ಇರಲಿಲ್ಲ. ನೀವಿದ್ರಿ, ಅದಕ್ಕೆ ಬರ್ತಿದ್ದೆ.”

ಶ್ರೀರಮಾ ತಲೆ ತಗ್ಗಿಸಿದಳು. ನಗು ಬರುತ್ತಿತ್ತು, ಅಳುವೂ ಬರುತ್ತಿತ್ತು.

“ಅದು ಮುಚ್ಚಿಟ್ಟಿದ್ದಾ? ಸಂದೀಪನಿಗೆ ಗೊತ್ತು, ಮಂಡಿನೋವಿನ ತಾತನಿಗೂ ಗೊತ್ತು.”

“ನಿಮಗೆ?”

“ನನಗೆ ನೀವು ಬಾಯಿ ಬಿಟ್ಟು ಹೇಳಬೇಕಿತ್ತು. ಈಗ ಹೇಳಿದ್ರಿ.” ಅವಳು ಮುಖ ಎತ್ತಿದಳು. “ನನಗೂ ಅಷ್ಟೇ, ಸಂಕರ್ಷಣ. ನೀವಿಲ್ಲದ ಎಂಟು ದಿನ ದೋಣಿ ತುಂಬಿದ್ರೂ ಖಾಲಿ ಇತ್ತು.”

ಎಡಗಡೆಗೆ ವಾಲುವ ಆ ನಗು ಮೆಲ್ಲಗೆ ಅವನ ಮುಖದ ತುಂಬ ಹರಡಿತು. ಆಮೇಲೆ ಒಳಗಿನ ವಾರ್ಡಿನ ಕಡೆ ಕೈ ತೋರಿಸಿದ.

“ಅಮ್ಮನ ಆಪರೇಷನ್ ಚೆನ್ನಾಗಾಯ್ತು. ನಾಳೆ ಬೆಳಿಗ್ಗೆ ಪಟ್ಟಿ ಬಿಚ್ಚುತ್ತಾರಂತೆ. ಮೊದಲು ಯಾರನ್ನ ನೋಡ್ತೀಯ ಅಂತ ಕೇಳ್ದೆ. ನಿನ್ನ ಮುಖ ಮೂವತ್ತು ವರ್ಷ ನೋಡಿ ಸಾಕಾಗಿದೆ, ಆ ಹುಡುಗೀನ ಕರ್ಕೊಂಡು ಬಂದು ಎದುರಿಗೆ ನಿಲ್ಲಿಸು ಅಂದ್ರು. ಬರ್ತೀರಾ?”

“ಬರ್ತೀನಿ. ಅಪ್ಪನ್ನೂ ಕರ್ಕೊಂಡು ಬರ್ತೀನಿ.”

“ಅಪ್ಪ... ನಾಳೇನೇ? ಅವರು ಯಾಕೆ?”

“ಸೊಸೇನ ನೋಡಿದ ಮೇಲೆ ನಿಮ್ಮಮ್ಮ ಬೀಗರನ್ನೂ ನೋಡಬೇಡ್ವಾ?”